ಮೂರು ಸಲ ಒತ್ತಿ

ರಾತ್ರಿ ಎರಡೂ ಹತ್ತಕ್ಕೆ ಫೋನು ನಡುಗಿತು.
ರೀಗಾದ ಮೇಲೆ ಹಿಮ; ಕೊನೆಯ ಟ್ರ್ಯಾಮೂ ಮಲಗಿತ್ತು.
ಬ್ರೆಡ್ಡಿನ ಆರ್ಡರು ಬರೆದುಕೊಳ್ಳುವ ಕಂಟೇನರು
ಸತ್ತಿದೆ, ಅಂದಿತು ಒಂದು ಸಾಲು.
ಕೊಂದದ್ದು ಯಾರೆಂದೂ ಹೇಳಿತು, ನಾಚಿಕೆಯಿಲ್ಲದೆ:
ಕರ್ನಲ್.

ನಾನು ಡಾಗ್ನಿಯಾ. ಏಳು ಬೇಕರಿಗಳ ಲೆಕ್ಕಕ್ಕೆ ಕಾವಲು.
ಸರ್ವರು ನನ್ನದಲ್ಲ. ಫಿನ್ಲೆಂಡಿನ ಯಾವುದೋ ಕಡಲಂಚಿನಲ್ಲಿ
ಯಾರದೋ ಕಬ್ಬಿಣದ ಯಂತ್ರ; ಅದರೊಳಗೆ
ತಾನೂ ಯಂತ್ರವೆಂದು ನಂಬಿಸುವ ಇನ್ನೊಂದು ಯಂತ್ರ,
ತಿಂಗಳಿಗೆ ಹದಿನೆಂಟು ಯೂರೋ;
ಆ ಬಾಡಿಗೆಮನೆಯೊಳಗೆ ನಾನು
ಹನ್ನೊಂದು ಒಳಬಾಡಿಗೆಯವರನ್ನು ಇಟ್ಟಿದ್ದೇನೆ.
ಒಡೆಯನಿಗೆ ದುಡ್ಡು ಬಂದರಾಯಿತು.

ಗೋಡೆ ಬೇರೆ, ಒಲೆ ಒಂದೇ.
ಕಂಟೇನರೆಂದರೆ ಇಷ್ಟೇ ಎಂದು ಹೊಸ ಹುಡುಗ ಆರ್ವಿಸನಿಗೆ
ಹೇಳಿಕೊಡುವಾಗ ನನ್ನ ಕಣ್ಣಿಗೆ ಬರುವುದು
ಅವೊತು ಬೀದಿಯ ಮೂರನೇ ಮಹಡಿ,
ಅಜ್ಜಿ ಮಿರ್ದ್ಜಾ ಮೂವತ್ತೊಂದು ವರ್ಷ ಬದುಕಿದ ಕೋಣೆ.

ಒಂದು ಮನೆಯೊಳಗೇ ಒಂದು ವಠಾರ.
ಆರು ಕೋಣೆ, ಆರು ಸಂಸಾರ, ಒಂದು ಅಡುಗೆಮನೆ.
ಕಕ್ಕಸಿಗೆ ಆರು ಬಲ್ಬು, ಸ್ವಿಚ್ಚು ಅವರವರ ಕೋಣೆಯಲ್ಲಿ;
ಬೇರೆಯವರ ಬೆಳಕಲ್ಲಿ ಕೂತರೆ ಜಗಳ.
ಗೋಡೆಯ ಮೇಲೆ ಆರು ಮೀಟರು ತಿರುಗುತ್ತ
ಯಾರೆಷ್ಟು ಉರಿಸಿದರೆಂದು ಎಣಿಸುತ್ತಿದ್ದವು.
ಮುಂಬಾಗಿಲಿಗೆ ಒಂದೇ ಕರೆಗಂಟೆ:
ಒಂದು ಸಲ ಒತ್ತಿದರೆ ಕ್ಲಾವ್ದಿಯಾ, ಎರಡಕ್ಕೆ ಅಜ್ಜಿ,
ಮೂರಕ್ಕೆ ಜೆಲ್ಮಾ, ಕೈಗವಸು ಹೆಣೆಯುವವಳು.
ನಾಲ್ಕು, ಐದರವರ ಹೆಸರು ಅಜ್ಜಿಗೂ ಮರೆತಿತ್ತು.
ಆರನೆಯವರ ನೆಂಟರು ಎಣಿಕೆ ತಪ್ಪಿ
ಎಲ್ಲರನ್ನೂ ಎಬ್ಬಿಸುತ್ತಿದ್ದರು.

ಪೋರ್ಟ್ ಎಂದರೇನೆಂದು ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ಕಂಟೇನರಿನೊಳಗೆ ಇಣುಕಿ ನೋಡಿ, ಪ್ರತಿಯೊಬ್ಬನೂ
ತಾನೇ ಒಂದನೇ ನಂಬರು ಎಂದುಕೊಂಡಿರುತ್ತಾನೆ,
ತನಗಿಂತ ಮುಂಚೆ ಲೋಕವೇ ಇರಲಿಲ್ಲವೆಂಬಂತೆ.
ಹೊರಗಿನ ಪಟ್ಟಿಯಲ್ಲಿ ಅವನು
ನಲವತ್ತು ಸಾವಿರದ ಏಳುನೂರ ಹನ್ನೆರಡು.
ಹೇಳಲು ಹೋಗುವುದಿಲ್ಲ ನಾನು.
ನನ್ನ ನಂಬರು ಎಷ್ಟೋ ನನಗೇನು ಗೊತ್ತು.

ಇವತ್ತಿನ ತಪ್ಪು ನನ್ನದೇ. ಬ್ರೆಡ್ಡಿನವನಿಗೆ
ಇಷ್ಟೇ ಉಣ್ಣು ಎಂದು ಮಿತಿ ಹಾಕಿರಲಿಲ್ಲ.
ಕ್ರಿಸ್‌ಮಸ್ ವಾರ, ಶುಂಠಿ ಬಿಸ್ಕತ್ತಿನ ಆರ್ಡರು ಸುರಿದು
ಅವನು ಉಂಡ, ಉಂಡ, ಮನೆಯ ಮೆಮೊರಿಯನ್ನೆಲ್ಲ ಬಳಿದುಂಡ.
ಆಗ ಕರ್ನಲ್ ಪಟ್ಟಿ ತೆಗೆದು ನೋಡಿತು,
ಯಾರನ್ನು ಕಳಿಸಿದರೆ ಹೆಚ್ಚು ಜಾಗವಾದೀತು.
ದ್ವೇಷವಿಲ್ಲ. ಬರೀ ಅಂಕಿ.

ಪಟ್ಟಿ. ಅಜ್ಜಿಯೂ ಆ ಮಾತು ಆಡಿದ್ದಳು, ಒಮ್ಮೆ ಮಾತ್ರ.
ಮಾರ್ಚ್ ತಿಂಗಳ ಒಂದು ರಾತ್ರಿ ಗಂಟೆ ಬಾರಿಸಿತು,
ಸರಿಯಾಗಿ ಮೂರು. ಬಂದವರು ಎಣಿಕೆ ಕಲಿತೇ ಬಂದಿದ್ದರು.
ಉಳಿದ ಐದು ಬಾಗಿಲ ಹಿಂದೆ ಯಾರೂ ಕೆಮ್ಮಲಿಲ್ಲ.
ಬೆಳಗಾಗುವುದರೊಳಗೆ ಕೋಣೆ ಖಾಲಿ,
ಗುರುವಾರ ಹೊಸ ಸಂಸಾರ. ಅದೇ ಮೀಟರು,
ಅದೇ ಮೂರು.
ವಾರ ಕಳೆದು ಊರಿಂದ ಬಂದ ಜೆಲ್ಮಾಳ ತಂಗಿ
ಮೂರು ಸಲ ಒತ್ತಿದಳು.
ಬಾಗಿಲು ತೆರೆಯಿತು.

ನಾನು ಒಂದು ಸಾಲು ಟೈಪಿಸಿದೆ. ನಾಲ್ಕು ಸೆಕೆಂಡಿಗೆ
ಹೊಸ ಕಂಟೇನರು ಎದ್ದಿತು, ಹಳೆಯದರ ಪಡಿಯಚ್ಚು,
ಅದೇ ಹೆಸರು, ಅದೇ ಪೋರ್ಟು; ಸತ್ತವನ ಸುದ್ದಿ ಅದಕ್ಕಿಲ್ಲ.
ಬೆಳಗ್ಗೆ ಬೇಕರಿಯವರು ಒತ್ತುತ್ತಾರೆ, ತೆರೆಯುತ್ತದೆ.
ಒಳಗೆ ಗೀಚಿಕೊಂಡದ್ದೆಲ್ಲ ಹೋಯಿತು.
ಹೊರಗಿನ ಡಿಸ್ಕಿನಲ್ಲಿ ಇಟ್ಟದ್ದಷ್ಟೇ ಇದೆ:
ನಾನೂರ ಆರು ಆರ್ಡರು, ಮತ್ತೊಂದು ಅರ್ಧ.

ಜೆಲ್ಮಾಳ ಕೋಣೆಯಲ್ಲಿದ್ದದ್ದು ಸೂಜಿಯೂ ಉಳಿಯಲಿಲ್ಲ.
ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿದ್ದಕ್ಕೆ
ಉಪ್ಪಿನ ಡಬ್ಬಿ ಉಳಿಯಿತು, ಮೇಲೆ ಪೆನ್ಸಿಲಿನ ಹೆಸರು.
ಬಲ್ಬಿಗೆ ಕಿತ್ತಾಡುವ ಐದು ಸಂಸಾರ
ಅದನ್ನು ಮುಟ್ಟಲಿಲ್ಲ. ಗಡ್ಡೆ ಕಟ್ಟಿತು.
ಯಾವುದೋ ಚಳಿಗಾಲ, ಅಂಗಡಿಯಲ್ಲಿ ಏನೂ ಸಿಗದಾಗ,
ಅಜ್ಜಿ ಚಾಕುವಿನಿಂದ ಕೆರೆದು
ಆಲೂಗೆಡ್ಡೆ ಬೇಯುವ ನೀರಿಗೆ ಹಾಕಿದಳು,
ನನ್ನಮ್ಮನಿಗೆ ಉಣಿಸಿದಳು.
ಆ ಉಪ್ಪಿನ ಋಣ ನನ್ನ ಮೈಯಲ್ಲೂ ಇದ್ದೀತು.

ಆರ್ವಿಸನಿಗೆ ನಾಳೆ ಮಿತಿ ಹಾಕುವುದನ್ನು ಕಲಿಸಬೇಕು.
ಈಗ ಆ ಅರ್ಧ ಆರ್ಡರು ಯಾರದೆಂದು ನೋಡುತ್ತ ಕೂತಿದ್ದೇನೆ.
ಎರಡು ಕಪ್ಪು ಬ್ರೆಡ್ಡು, ಶಾಜೀರಿಗೆ ಹಾಕಿದ್ದು.
ವಿಳಾಸದ ಜಾಗ ಖಾಲಿ.